ಹುಣಸೆಮರದೊಳಗಿನ ಮೊಳೆ

ಪೆಟ್ರೋಲು, ಆಯಿಲ್ಲು, ಹಸಿ ಮರದ ಪುಡಿ ಕಲೆತ ವಾಸನೆ ಬಂದರೆ ಇವತ್ತಿಗೂ ನನಗೆ ಬಡವನಹಳ್ಳಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಂಗನವಾಡಿಯ ಕಡೆ ವಾಲಿದ್ದ ಹುಣಸೆಮರದ ಬುಡವನ್ನು ಅಪ್ಪ ಮೆಷಿನ್ ಗರಗಸದಿಂದ ಕೊಯ್ಯುತ್ತಿದ್ದ. ಮರ ಆ ಕಡೆ ಬೀಳದಂತೆ ಅದರ ಕೊಂಬೆಗೆ ಕಟ್ಟಿ ಎದುರಿನ ಬೇವಿಗೆ ಸುತ್ತಿದ್ದ ಹಗ್ಗದ ತುದಿ ಅಮ್ಮನ ಕೈಯಲ್ಲಿತ್ತು. ಇದ್ದಕ್ಕಿದ್ದಂತೆ ಕಿಡಿ ಹಾರಿ ಗರಗಸದ ಚೈನು ಹರಿಯಿತು.

"ನೋಡ್ದೇನ್ಲಾ? ದೆವ್ವದ ಮರ ಮುಟ್ಬ್ಯಾಡ ಅಂದ್ರೂ ಕೇಳ್ಲಿಲ್ಲ. ನಿಲ್ಸು!" ಎಂದು ತಾತ ಕೂಗಿದ.

ಅಪ್ಪ ಗರಗಸ ಕೆಳಗಿಟ್ಟ. ಅರ್ಧ ಕೊಯ್ದ ಮರವನ್ನು ಹಾಗೇ ಬಿಟ್ಟರೆ ಒಂದು ಗಾಳಿಗೆ ಅಂಗನವಾಡಿ ಉಳಿಯುತ್ತಿರಲಿಲ್ಲ.

ನಾನು ಸೀಳಿನೊಳಗೆ ಇಣುಕಿದೆ. "ದೆವ್ವಕ್ಕೆ ತುಕ್ಕು ಹಿಡೀತದಾ ತಾತ? ಇಲ್ಲಿ ಮೊಳೆ ಐತೆ."

"ಬಾಯ್ಮುಚ್ಚೇ! ದೆವ್ವ ಕಟ್ಟಾಕಕ್ಕೆ ಹೊಡ್ಸಿದ್ ಮೊಳೆ ಅದು."

ಅಮ್ಮ ಹಗ್ಗ ಬಿಡದೆಯೇ ಕೇಳಿದಳು: "ಯಾವ್ ದೆವ್ವ ಮಾವ? ಮದ್ವೆಯಾದ್ ವರ್ಷ ಎದುರು ಮಾತಾಡ್ದೆ, ದೆವ್ವ ಹಿಡ್ದೈತೆ ಅಂತ ಮೊಳೆಗೆ ನನ್ ಕೂದ್ಲು ಸುತ್ತಿ ಹೊಡ್ಸಿದ್ರಲ್ಲ, ಅದೇ ತಾನೆ? ಆ ದೆವ್ವ ಇಲ್ಲೇ ಹಗ್ಗ ಹಿಡ್ಕೊಂಡು ನಿಂತೈತೆ."

ಆಮೇಲೆ ಅಪ್ಪನಿಗೆ ಹೇಳಿದಳು: "ಬ್ಯಾರೆ ಚೈನ್ ಹಾಕಿ. ಮೊಳೆಯಿಂದ ಮೇಲಕ್ಕೆ ಕೊಯ್ರಿ."

ಮರ ಅಮ್ಮನ ಹಗ್ಗ ಎಳೆದ ಕಡೆಗೇ ಬಿತ್ತು. ಮೊಳೆಯಿದ್ದ ಆ ಬೊಡ್ಡೆಯ ಮೇಲೆ ಕುಳಿತು, ತಾತನೆದುರೇ ಅವಳು ಜಡೆ ಬಿಚ್ಚಿ ಮರದ ಪುಡಿ ಕೊಡವಿಕೊಂಡಳು.