ಶ್ರೀನಿವಾಸಯ್ಯನವರ ಹೊಸ ವಾದ್ಯ

ತನಿ ಆವರ್ತನದಲ್ಲಿ ಮೃದಂಗದ ರಾಘವ ತನ್ನ ಪಾಲು ಮುಗಿಸಿ, ಇನ್ನು ನಿಮ್ಮದು ಎಂದು ಕೈ ತೋರಿಸಿದ್ದೇ ತಡ, ಶ್ರೀನಿವಾಸಯ್ಯನವರ ಮೇಲಿನ ಹಲ್ಲಿನ ಸೆಟ್ಟು ಕಳಚಿ ಮೋರ್ಚಿಂಗಿನ ಜೊತೆಗೇ ಕೈಗೆ ಬಂತು. ಬಸವನಗುಡಿಯ ರಾಮನವಮಿ ಚಪ್ಪರದಲ್ಲಿ ಮುನ್ನೂರು ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ಬೀಸಣಿಗೆ ಆಡಿಸುತ್ತಿದ್ದ ಕೈಗಳೆಲ್ಲ ಹಾಗೇ ನಿಂತವು.

ಪಾಪ, ಈ ಒಂದು ಸಂಜೆಗಾಗಿ ಆ ಮನುಷ್ಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೋರ್ಚಿಂಗ್ ಎಂದರೆ ಅಂಗೈಯಗಲದ ಕಬ್ಬಿಣ. ಮುಂದಿನ ಹಲ್ಲಿಗೆ ಆನಿಸಿ ಬೆರಳಿನಲ್ಲಿ ಮೀಟಬೇಕು. ಹಲ್ಲಿಲ್ಲದವನಿಗೆ ಅದು ಬರೀ ಕಬ್ಬಿಣವೇ. ಇಪ್ಪತ್ತೆಂಟು ವರ್ಷ ಅದನ್ನು ನುಡಿಸಿದ ಶ್ರೀನಿವಾಸಯ್ಯ, ತೊಂಬತ್ತೈದರ ಗೋಕುಲಾಷ್ಟಮಿಯ ದಿನ ರಾಮನವಮಿ ಸಂಗೀತ ಸಭೆಯ ಕಾರ್ಯದರ್ಶಿ ಚಕ್ರಪಾಣಿಯವರ ಮನೆಯಲ್ಲಿ ಕೋಡುಬಳೆ ಕಚ್ಚಿ ಮುಂದಿನ ಎರಡು ಹಲ್ಲು ಮುರಿದುಕೊಂಡರು. ದಂತವೈದ್ಯರು ಟಾರ್ಚು ಬಿಟ್ಟು ನೋಡಿ, ಉಳಿದವೂ ಇವತ್ತೋ ನಾಳೆಯೋ ಅನ್ನುತ್ತಿವೆ, ಒಂದೇ ಸಲಕ್ಕೆ ಮುಗಿಸಿಬಿಡೋಣ ಎಂದರು. ಎರಡು ಹಲ್ಲಿನ ದೂರು ಹೊತ್ತು ಹೋದವರು ಬಾಯಿ ಪೂರಾ ಖಾಲಿ ಮಾಡಿಸಿಕೊಂಡು ಬಂದರು. ಕಟ್ಟಿಸಿದ ಸೆಟ್ಟು ಅನ್ನ ಅಗಿಯಲು ಒಪ್ಪಿತೇ ಹೊರತು ಮೋರ್ಚಿಂಗ್ ಆನಿಸಿದರೆ ಗಡಗಡ ನಡುಗುತ್ತಿತ್ತು. ವೈದ್ಯರ ಕುರ್ಚಿಯಲ್ಲೇ ಕೂತು ಆದಿತಾಳ ನುಡಿಸಿ ತೋರಿಸುತ್ತ ಹನ್ನೊಂದು ಸಲ ಅದನ್ನು ಉಜ್ಜಿಸಿದರು. ಅಷ್ಟರಲ್ಲಿ ಎರಡು ರಾಮನವಮಿ ವೇದಿಕೆಯ ಕೆಳಗೆ ಕೂತೇ ಕಳೆದಿದ್ದವು.

ಕೊನೆಗೆ ಚಕ್ರಪಾಣಿ ಒಪ್ಪಿದ್ದರು. “ಈ ಸಲ ಕೂತ್ಕೊಳ್ಳಿ ಸ್ವಾಮಿ. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಮುಂದಿನ ವರ್ಷದಿಂದ ಖಂಜಿರದೋರ್ನೇ ಖಾಯಂ ಮಾಡ್ಬಿಡ್ತೀನಿ.” ಹಲ್ಲು ಮುರಿದ ಕೋಡುಬಳೆ ಯಾರ ಮನೆಯದು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ಆ ಹೆಚ್ಚುಕಮ್ಮಿ ಆಗಿಯೇಬಿಟ್ಟಿತ್ತು. ಶ್ರೀನಿವಾಸಯ್ಯ ಮೇಲಿನ ಸೆಟ್ಟು ಕೂರಿಸಲು ಹೋದರು, ಕೆಳಗಿನದೂ ಎದ್ದು ಬಂತು. ರಾಘವ ತೊಡೆಯ ಮೇಲೆ ತಾಳ ಹಾಕುತ್ತಲೇ ಬಗ್ಗಿ, “ಏನಾದ್ರೂ ಮಾಡಿ ಸಾರ್, ಎರಡನೇ ಆವರ್ತ ಮುಗೀತಾ ಇದೆ” ಎಂದ. ಏನು ಮಾಡುವುದು? ಎಡಗೈಯಲ್ಲಿ ಮೇಲಿನ ಸಾಲು, ಬಲಗೈಯಲ್ಲಿ ಕೆಳಗಿನ ಸಾಲು. ಭಯಕ್ಕೆ ಎರಡೂ ಕೈ ನಡುಗಿ ಸಾಲಿಗೆ ಸಾಲು ತಗುಲಿ ಕಟಕಟ ಎಂದಿತು. ಮೈಕು ಅಲ್ಲೇ ಇತ್ತು. ಇಪ್ಪತ್ತೆಂಟು ವರ್ಷದ ಸಾಧನೆ ಎಲ್ಲಿಗೆ ಹೋಗುತ್ತದೆ, ಆ ನಡುಕವೂ ತಾಳದಲ್ಲೇ ಇತ್ತು.

ರಾಘವ ಒಂದು ಕ್ಷಣ ಕಣ್ಣು ಬಿಟ್ಟು, ಅಭ್ಯಾಸಬಲದಿಂದ ಅದನ್ನೇ ಮೃದಂಗದಲ್ಲಿ ನುಡಿಸಿದ. ಶ್ರೀನಿವಾಸಯ್ಯ ಹಲ್ಲಿನಲ್ಲೇ ತಕಿಟ ತಕಿಟ ಎಂದು ಉತ್ತರ ಕೊಟ್ಟರು. ಸವಾಲು ಜವಾಬು ಏರಿತು. ಮುಂದಿನ ಸಾಲಿನ ಮುನಿರಾಮಪ್ಪನವರು ತಡೆಯಲಾರದೆ ತಮ್ಮ ಸೆಟ್ಟನ್ನೂ ತೆಗೆದು ತಾಳ ಕುಟ್ಟತೊಡಗಿದರು. ಮುಕ್ತಾಯದ ಹೊತ್ತಿಗೆ ಚಪ್ಪರವೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಚಕ್ರಪಾಣಿ ಶಾಲು ಹಿಡಿದು ಓಡಿ ಬಂದರು. ಬಿದ್ದವರು ಏಳುವುದನ್ನು ನೋಡಿದ್ದೇನೆ, ಹೀಗೆ ಎದ್ದವರನ್ನು ನೋಡಿಲ್ಲ ಎಂದು ಮೈಕಿನಲ್ಲಿ ಗದ್ಗದಿತರಾದರು. ಇದು ಅಪಘಾತ, ನಾನು ಮೋರ್ಚಿಂಗ್ ನುಡಿಸಲು ಬಂದವನು ಎಂದು ಶ್ರೀನಿವಾಸಯ್ಯ ಹೇಳಿದರು. ಬಾಯಲ್ಲಿ ಹಲ್ಲಿಲ್ಲದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ಎಂಥಾ ವಿನಯ ಎಂದುಕೊಂಡರು.

ಹಲ್ಲಿದ್ದ ಇಪ್ಪತ್ತೆಂಟು ವರ್ಷದಲ್ಲಿ ಒಂದು ಶಾಲೂ ಕಾಣದವರಿಗೆ, ದಸರೆ ಬರುವಷ್ಟರಲ್ಲಿ ಒಂಬತ್ತು ಶಾಲು ಬಂದವು. ಮಲ್ಲೇಶ್ವರದಲ್ಲಿ ಕಛೇರಿ, ಚಾಮರಾಜಪೇಟೆಯಲ್ಲಿ ಕಛೇರಿ, ಮೈಸೂರಿನಿಂದಲೂ ಕರೆ. ಪ್ರತಿ ಸಲವೂ ಮೋರ್ಚಿಂಗನ್ನು ಡಬ್ಬಿಯಲ್ಲಿಟ್ಟುಕೊಂಡು ಆಸೆಯಿಂದ ಹೋಗುತ್ತಿದ್ದರು, ಪ್ರತಿ ಸಲವೂ ಡಬ್ಬಿ ತೆರೆಯದೆ ವಾಪಸು ಬರುತ್ತಿದ್ದರು. ಮುಂದಿನ ರಾಮನವಮಿಗಾದರೂ ಅದನ್ನು ನುಡಿಸುತ್ತೇನೆ ಎಂದು ಚಕ್ರಪಾಣಿಯವರಿಗೆ ಫೋನ್ ಮಾಡಿ ಬೇಡಿಕೊಂಡರು.

“ಮೋರ್ಚಿಂಗ್ ಯಾರು ಬೇಕಾದ್ರೂ ನುಡಿಸ್ತಾರೆ ಬಿಡಿ” ಎಂದರು ಚಕ್ರಪಾಣಿ. “ಅದು ಮನೇಲೇ ಇರ್ಲಿ. ನೀವು ಹಲ್ಲು ಮರೀಬೇಡಿ.”

ಮಹಾನವಮಿಯ ಬೆಳಿಗ್ಗೆ ಶ್ರೀನಿವಾಸಯ್ಯ ಸ್ನಾನ ಮುಗಿಸಿ ಬಂದಾಗ, ಹೆಂಡತಿ ಕೋಕಿಲಮ್ಮ ಸರಸ್ವತಿಯ ಪಟದ ಮುಂದೆ ಬೆಳ್ಳಿ ತಟ್ಟೆಯಿಟ್ಟು, ಅದರಲ್ಲಿ ಹಲ್ಲಿನ ಸೆಟ್ಟು ಕೂರಿಸಿ, ಗಂಧ ಕುಂಕುಮ ಹಚ್ಚಿ ಮೇಲೊಂದು ಸೇವಂತಿಗೆ ಏರಿಸಿದ್ದರು. ಮೋರ್ಚಿಂಗಿನ ಡಬ್ಬಿ ಕಿಟಕಿಯಲ್ಲೇ ಉಳಿದಿತ್ತು. ಅದನ್ನೂ ಇಡೇ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಊಟದ ಹೊತ್ತಿಗೆ ಚಕ್ರಪಾಣಿಯವರ ಮನೆಯಿಂದ ಹಬ್ಬದ ಡಬ್ಬಿ ಬಂತು. ಒಳಗೆ ಕೋಡುಬಳೆ. ಶ್ರೀನಿವಾಸಯ್ಯ ಬೆಳ್ಳಿ ತಟ್ಟೆಯ ಕಡೆ ಕೈ ಚಾಚಿದರು.

“ಮುಟ್ಟಬೇಡಿ” ಎಂದರು ಕೋಕಿಲಮ್ಮ. “ವಾದ್ಯ ಪೂಜೆಗೆ ಇಟ್ಟಾಗಿದೆ. ನಾಳೆ ವಿಜಯದಶಮಿವರೆಗೂ ತೆಗೆಯೋ ಹಾಗಿಲ್ಲ.”

ಶ್ರೀನಿವಾಸಯ್ಯ ಎದ್ದು ಕಿಟಕಿಯ ಡಬ್ಬಿಯಿಂದ ಮೋರ್ಚಿಂಗ್ ತೆಗೆದು ತಂದರು. ಪೂಜೆಯಿಲ್ಲದ್ದರಿಂದ ಅದನ್ನು ಮುಟ್ಟಲು ಅಡ್ಡಿಯಿರಲಿಲ್ಲ. ಎಲೆಯ ಪಕ್ಕದಲ್ಲಿ ಕೋಡುಬಳೆ ಇಟ್ಟುಕೊಂಡು, ಮೋರ್ಚಿಂಗಿನಿಂದಲೇ ಮೆಲ್ಲಗೆ ಕುಟ್ಟಿ ಪುಡಿ ಮಾಡತೊಡಗಿದರು.