ಎರಡೂವರೆ ತಾಸು

ದಿಲ್ಲಿಯ ವರ ಚಾಪೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನ ಅಣ್ಣ. ಇಬ್ಬರಿಗೂ ಕನ್ನಡ ಬಾರದು. ಫಕೀರವ್ವ ಅವರನ್ನು ಕರೆತಂದಿದ್ದ ಮದುವೆ ದಲ್ಲಾಳಿಯನ್ನೇ ಕೇಳಿದಳು.

"ದಿಲ್ಲಿ ಭಾಳ ದೂರ ಅಲ್ಲೇನೋ ಯಪ್ಪಾ? ನೆನಪಾದ್ರ ಮಗಳ ಮಾರಿ ನೋಡೂದು ಹ್ಯಾಂಗ?"

"ಎಲ್ಲಿ ದೂರಬೇ ಯವ್ವಾ! ಹುಬ್ಬಳ್ಳಿಯಾಗ ವಿಮಾನ ಹತ್ತಿದ್ರ ಎರಡೂವರೆ ತಾಸು. ನಿನ್ನ ತವರಿಗೆ ಬಸ್ಸಿನಾಗ ಹೋಗಾಕ ಅದಕ್ಕಿಂತ ಹೆಚ್ಚು ಹೊತ್ತು ಹಿಡಿತೈತಿ."

ಫಕೀರವ್ವ ನಕ್ಕಳು. ಒಳಗಿನಿಂದ ತಟ್ಟೆ ತಂದು, ಒಪ್ಪಿಗೆಯ ಸಕ್ಕರೆಯನ್ನು ಎಲ್ಲರ ಕೈಗೂ ಹಾಕಿದಳು.

ಸಕ್ಕರೆ ಮೆಲ್ಲುತ್ತ ವರನ ಅಣ್ಣ ಹಿಂದಿಯಲ್ಲಿ ಕೇಳಿದ: "ನಾಳೆ ಹುಡುಗಿಗೆ ಏನಾದರೂ ಆದರೆ ಈ ಮುದುಕಿ ಹುಡುಕಿಕೊಂಡು ಬಂದರೆ?"

ದಲ್ಲಾಳಿ ಫಕೀರವ್ವನತ್ತ ನೋಡಿ ನಗುತ್ತಲೇ, ಹಿಂದಿಯಲ್ಲೇ ಹೇಳಿದ: "ರೈಲಿನಲ್ಲಿ ಎರಡು ದಿನದ ದಾರಿ. ವಿಮಾನ ಹತ್ತುವ ಜನವೇ ಇವರು? ಮೊದಲನೆಯವಳ ತಾಯಿ ಬಂದಳೇನು?"