ನರ್ಸಮ್ಮನ ನಿಲುವಂಗಿ

“ಈ ನರ್ಸಮ್ಮನಿಗೆ ಎಡ ಹೆಗಲು ಅರ್ಧ ಇಂಚು ಇಳಿದಿದೆಯಾ?”

ಬಟ್ಟೆಯ ಅಂಚಿಗೆ ಕತ್ತರಿ ಇಟ್ಟಿದ್ದ ಅಣ್ಣ ಹಾಗೇ ನಿಂತು ಅಳತೆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದ ತಂಗಿ ಪೆಡಲು ತುಳಿಯುವುದನ್ನು ನಿಲ್ಲಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವಳ ಬಲಗೈ ನಿಜಕ್ಕೂ ಎಡ ಹೆಗಲಿನತ್ತ ಹೊರಟಿತ್ತು. ಅರ್ಧ ದಾರಿಯಲ್ಲಿ ಎಚ್ಚೆತ್ತು ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡಳು.

“ಹೂಂ, ರೋಗಿಗಳನ್ನ ಎತ್ತಿ ಎತ್ತಿ ಹಾಗಾಗಿದೆಯಂತೆ,” ಎಂದಳು.

ಅಸಲಿಗೆ ನರ್ಸಮ್ಮ ಎಂಬ ಗಿರಾಕಿಯೇ ಇರಲಿಲ್ಲ. ಆ ಅಂಗಡಿಯಲ್ಲಿ ಪರದೆಯ ಹಿಂದೆ ಹೆಂಗಸರ ಅಳತೆ ತೆಗೆಯುವುದು ತಂಗಿ, ಬಟ್ಟೆ ಕತ್ತರಿಸುವುದು ಅಣ್ಣ. ಅಪ್ಪ ಹಾಗೆ ಕೆಲಸ ಹಂಚಿಕೊಟ್ಟ ಮೇಲೆ ಅವಳು ಕತ್ತರಿ ಮುಟ್ಟಿದವಳಲ್ಲ. ಬರುವ ಶುಕ್ರವಾರ ನೋಂದಣಿ ಕಚೇರಿಯಲ್ಲಿ ಅವಳ ಮದುವೆ. ಗಂಡು ಪಕ್ಕದ ಬೀದಿಯ ಕನ್ನಡಕದಂಗಡಿಯವನು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳಿಗೆ ನಲವತ್ತೆರಡು, ಗಂಡ ತೀರಿಕೊಂಡು ಹನ್ನೊಂದು ವರ್ಷ. ಇವನು ಅವಳಿಗಿಂತ ಏಳು ವರ್ಷ ಚಿಕ್ಕವನು.

ಸಿದ್ಧ ಉಡುಪು ಕೊಂಡು ತಂದಿದ್ದರೆ ಈ ಪೇಚಾಟವೇ ಇರುತ್ತಿರಲಿಲ್ಲ. ಆದರೆ ದರ್ಜಿಯ ಮಗಳು ಯಾರೋ ಹೊಲಿದದ್ದನ್ನು ತೊಟ್ಟು ಮದುವೆಯಾಗುವುದುಂಟೇ? ಬೂದು ನೀಲಿಯ ಬಟ್ಟೆ ತಂದು, ತನ್ನದೇ ಅಳತೆ ಬರೆದು, ನರ್ಸಮ್ಮನನ್ನು ಹುಟ್ಟಿಸಿದಳು. ಎರಡೂ ಹೆಗಲು ಸಮ ಎಂದು ಬರೆದಿದ್ದರೂ ಬಚಾವಾಗುತ್ತಿದ್ದಳು. ಹಾಗೆ ಬರೆದರೆ ಹೆಗಲ ಮೇಲೆ ಸುಕ್ಕು ಬೀಳುತ್ತದೆ. ಮೂವತ್ತು ವರ್ಷ ಹೊಲಿದ ಕೈ ಅದಕ್ಕೆ ಒಪ್ಪಲಿಲ್ಲ.

ಹುಟ್ಟಿಸಿದ ಮೇಲೆ ಸಾಕಬೇಕಲ್ಲ. ಅಣ್ಣ ಮೂರು ದಿನದಿಂದ ಕೇಳುತ್ತಲೇ ಇದ್ದ, ಅವಳು ಹೇಳುತ್ತಲೇ ಇದ್ದಳು. ನರ್ಸಮ್ಮನೂ ಗಂಡ ಸತ್ತವಳಾದಳು, ಅವಳು ಮೆಚ್ಚಿದವನೂ ವಯಸ್ಸಿನಲ್ಲಿ ಚಿಕ್ಕವನಾದ, ಅವಳದೂ ಮನೆಯವರಿಗೆ ತಿಳಿಯದ ಮದುವೆಯಾಯಿತು. ಅಣ್ಣ ಏನೆನ್ನುತ್ತಾನೋ ಕೇಳುವ ಹುಚ್ಚು ಆಸೆ ಅವಳಿಗೆ. “ಅಂಥವಳನ್ನ ಮನೆಯವರು ಹೇಗೆ ಹೊರಗೆ ಬಿಟ್ಟಿದಾರೆ?” ಎಂದು ಅವನು ಕೇಳಿದಾಗ ಮಾತ್ರ ಅವಳು ಮಾತು ಬದಲಿಸಿದ್ದಳು. ಚಿಕ್ಕಪ್ಪನ ಮಗಳು ಹೀಗೇ ತಾನು ಮೆಚ್ಚಿದವನ ಜೊತೆ ಹೊರಟಾಗ ಅವಳನ್ನು ಎಳೆದು ತಂದು ಮಹಡಿ ಕೋಣೆಯಲ್ಲಿ ಕೂಡಿಹಾಕಿದ್ದು ಇದೇ ಅಣ್ಣ. ಎರಡು ತಿಂಗಳು ಬೀಗದ ಕೈ ಅವನ ಜೇಬಿನಲ್ಲಿತ್ತು. ಊಟದ ತಟ್ಟೆ ಮೇಲೆ ಒಯ್ಯುತ್ತಿದ್ದವಳು ತಂಗಿ. ಆ ಹುಡುಗಿ ಕೊನೆಕೊನೆಗೆ ತಟ್ಟೆ ಮುಟ್ಟುವುದನ್ನೂ ಬಿಟ್ಟಿದ್ದಳು.

“ಈ ನರ್ಸಮ್ಮನ ಮನೇಲಿ ಯಾರ್ಯಾರಿದಾರೆ ಅಂದೆ?”

“ಅಪ್ಪ. ಒಬ್ಬ ಅಣ್ಣ.”

“ಅಣ್ಣ ಹೇಗಂತೆ?”

“ಒಳ್ಳೆಯವನೇ ಅಂತೆ. ಆದ್ರೂ ಅವನನ್ನ ಕಂಡ್ರೆ ಅವಳಿಗೆ ಭಯವಂತೆ.”

“ಹೊಡೀತಾನಾ?”

“ಒಂದು ದಿನಾನೂ ಹೊಡೆದಿಲ್ಲವಂತೆ.”

ಅಣ್ಣ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ತೋಳುಗಳಿಗೆ ಇನ್ನೂ ಗುರುತು ಹಾಕಿರಲಿಲ್ಲ. ಚಾಕ್ ತೆಗೆದುಕೊಂಡು ತೋಳಿನ ಉದ್ದ ಗುರುತು ಮಾಡಿದ, ಕಂಕುಳ ಸುತ್ತು ಬರೆದ, ಮಣಿಕಟ್ಟಿನ ಅಗಲ ಹಾಕಿದ. ಚೀಟಿಯನ್ನು ಮತ್ತೆ ತಿರುಗಿಸಿ ನೋಡಲಿಲ್ಲ. ಯಾವ ಗೆರೆಯೂ ತಪ್ಪಿರಲಿಲ್ಲ. ಅವಳು ಚಿಕ್ಕವಳಿದ್ದಾಗಿನಿಂದ ಅವಳ ಅಂಗಿಗಳನ್ನು ಕತ್ತರಿಸಿದವನಿಗೆ ಚೀಟಿ ಯಾಕೆ ಬೇಕು? ಎದ್ದು ಓಡೋಣವೆಂದರೆ ಬಾಗಿಲು ಅವನ ಬೆನ್ನ ಹಿಂದಿತ್ತು.

ಸರಕ್ ಸರಕ್ಕೆಂದು ಕತ್ತರಿ ನಡೆಯಿತು. ತುಂಡುಗಳನ್ನೆಲ್ಲ ಜೋಡಿಸಿ ಮಡಿಸಿಟ್ಟು ಅಣ್ಣ ಬಾಗಿಲಿಗೆ ಹೋದ, ಬೀದಿಯ ಎರಡೂ ಕಡೆ ನೋಡಿದ, ಹಾಡಹಗಲೇ ಷಟರನ್ನು ಅರ್ಧಕ್ಕೆ ಎಳೆದ. ಅಂಗಡಿ ಕತ್ತಲಾಯಿತು. ಅವನು ಹತ್ತಿರ ಬಂದಾಗ ಅವಳು ಮಷಿನ್ನಿನ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಬಟ್ಟೆಯನ್ನು ಅವಳ ಮಡಿಲಿಗಿಟ್ಟ.

“ಇವತ್ತೇ ಹೊಲಿದು ಮುಗಿಸು. ಶುಕ್ರವಾರದವರೆಗೂ ಕಾಯಬೇಡ, ನಾಳೆ ಬೆಳಿಗ್ಗೆನೇ ಹೊರಟುಬಿಡು ಅಂತ ಅವಳಿಗೆ ಹೇಳು. ಕನ್ನಡಕದಂಗಡಿ ವಿಷಯ ಯಾರೋ ಅವಳ ಅಪ್ಪನ ಕಿವಿಗೆ ಹಾಕಿದಾರೆ.”

ನರ್ಸಮ್ಮನ ಗಂಡು ಏನು ಕೆಲಸ ಮಾಡುತ್ತಾನೆಂದು ಅವಳು ಅಣ್ಣನಿಗೆ ಹೇಳಿರಲೇ ಇಲ್ಲ. ಮಡಿಲಲ್ಲಿದ್ದ ಬಟ್ಟೆಯನ್ನು ಎದೆಗೊತ್ತಿಕೊಂಡು ಕೇಳಿದಳು.

“ಅವಳ ಅಣ್ಣ? ಅವನು ಅಡ್ಡ ಬರಲ್ಲ ತಾನೇ?”

ಅವನು ಅವಳ ಮುಖ ನೋಡಲಿಲ್ಲ. ಬೆರಳಿಗೆ ಮೆತ್ತಿದ್ದ ಚಾಕಿನ ಪುಡಿಯನ್ನು ಒರೆಸಿಕೊಳ್ಳುತ್ತಿದ್ದ.

“ಅಪ್ಪ ಎಳ್ಕೊಂಡು ಬಾ ಅಂದ್ರೆ ಎಳ್ಕೊಂಡು ಬರ್ತಾನೆ,” ಎಂದ. “ಐವತ್ತು ವರ್ಷ ಆಯ್ತು ಅವನಿಗೆ. ಅಪ್ಪನ ಮುಂದೆ ಒಂದು ಸಲಾನೂ ಆಗಲ್ಲ ಅಂದವನಲ್ಲ.”